ಪಿತ್ತದ ಗಂಧೆ, ಸೂಕ್ಷ್ಮ ಚರ್ಮ, ಆಟಿಸಂ: ಭಾರದ ಹೊದಿಕೆ ಬೇಕೋ ಬೇಡವೋ, ಇನ್ನೂ ಹಲವು ಪ್ರಶ್ನೆ

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಆಟಿಸಂ ಇದ್ದವರಿಗೆ ಮೈಮ್ಯಾಲೆ ಪಿತ್ತದ ಗಂಧಿ ಪದೇಪದೇ ಏಳೂದರ ಬಗ್ಗೆ ಗೊತ್ತಿದ್ದವರು ಒಂದ ಕಡೆ ಬರೀಲಿ ಅಂತ ಈ ಎಳಿ ತೆರದೀನಿ. ಪ್ರಶ್ನೆ ಇದು. ಥೆರಪಿ ಕೇಂದ್ರದಾಗ ಭಾರದ ಹೊದಿಕಿ, ಬಿಗಿ ಜಾಕೀಟು, ಬಿಸಿನೀರಿನ ಜಳಕ ಹೇಳತಾರ, ಜೀವಕ್ಕ ಸಮಾಧಾನ ಆಗಲಿ ಅಂತ. ಚರ್ಮದ ಡಾಕ್ಟರು ಬಿಗಿ ಅರಿವಿ ಬ್ಯಾಡ, ಶೆಕೆ ಬ್ಯಾಡ ಅಂತಾರ. ಎರಡೂ ಮಾತು ಕೇಳಿಸಿಕೊಂಡ ಮನಿಯವರು ಯಾವುದನ್ನ ಹಿಡೀಬೇಕು? ಮಾತು ಬರಲಾರದ ಮಕ್ಕಳು, ಮಾತು ಬಂದರೂ "ತುರಸಾಕತ್ತೈತಿ" ಅಂತ ಹೇಳಾಕ ಆಗಲಾರದ ದೊಡ್ಡವರು, ಇಬ್ಬರನ್ನೂ ಮನಸಿನ್ಯಾಗ ಇಟಗೊಂಡು ಬರೀರಿ. ಅರಿವಿ, ನೀರು, ಊಟ, ಔಷಧ ಎಲ್ಲಾ ಬರಲಿ.

ಚರ್ಮದ ಓದು (ಬೆಳಗಾವಿ)

ಇಬ್ಬರೂ ಹೇಳುವುದು ಸರಿ, ಆದರೆ ಎಲ್ಲರಿಗೂ ಸರಿಯಲ್ಲ. ಗಂಧೆ ಯಾವ ಬಗೆಯದು ಎಂದು ಮೊದಲು ತಿಳಿಯಬೇಕು. ಅದು ತಿಳಿಯದೆ ಹೊದಿಕೆ ಕೊಡುವುದೂ ಕಸಿದುಕೊಳ್ಳುವುದೂ ಎರಡೂ ಕುರುಡು ಕೆಲಸ.

ಚರ್ಮದೊಳಗಿನ ಮಾಸ್ಟ್ ಎಂಬ ಕೋಶಗಳು ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ, ಸಣ್ಣ ರಕ್ತನಾಳಗಳಿಂದ ದ್ರವ ಸೋರುತ್ತದೆ, ಚರ್ಮ ಉಬ್ಬುತ್ತದೆ. ಇದೇ ಗಂಧೆ. ಒಂದು ಉಬ್ಬು ಒಂದೇ ಜಾಗದಲ್ಲಿ ಸಾಮಾನ್ಯವಾಗಿ 24 ಗಂಟೆ ದಾಟಿ ನಿಲ್ಲುವುದಿಲ್ಲ. ಇಲ್ಲಿ ಇಳಿದು ಅಲ್ಲಿ ಏಳುತ್ತದೆ, ಕಲೆ ಬಿಡುವುದಿಲ್ಲ. ಆರು ವಾರದೊಳಗೆ ನಿಂತರೆ ತಾತ್ಕಾಲಿಕ, ಅದಕ್ಕೂ ಮುಂದುವರಿದರೆ ದೀರ್ಘಕಾಲದ್ದು. ದೀರ್ಘಕಾಲದ್ದರಲ್ಲಿ ಬಹಳಷ್ಟು ತಾನಾಗಿ ಏಳುವಂಥದ್ದು, ಹೊರಗಿನ ಕಾರಣ ಹುಡುಕಿದರೂ ಸಿಗುವುದಿಲ್ಲ. ಉಳಿದದ್ದು ಯಾವುದೋ ಒಂದು ಭೌತಿಕ ಕಾರಣಕ್ಕೆ ಏಳುವಂಥದ್ದು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಎರಡನೆಯ ಗುಂಪಿನಲ್ಲಿ.

ಕೆರೆದಲ್ಲಿ, ಉಜ್ಜಿದಲ್ಲಿ ಗೆರೆಗೆರೆಯಾಗಿ ಐದಾರು ನಿಮಿಷದಲ್ಲೇ ಎದ್ದು ಒಂದೆರಡು ಗಂಟೆಯಲ್ಲಿ ಇಳಿದರೆ ಅದು ಗೀರುಗಂಧೆ, ವೈದ್ಯರು ಡರ್ಮೋಗ್ರಾಫಿಸಂ ಎನ್ನುತ್ತಾರೆ. ಮೈ ಬಿಸಿಯಾದಾಗ, ಬೆವರಿದಾಗ, ಓಡಿದಾಗ, ಗಾಬರಿಯಾದಾಗ ಕೆಲವೇ ಮಿಲಿಮೀಟರಿನ ಸಣ್ಣ ಗುಳ್ಳೆಗಳು ಸುತ್ತ ಕೆಂಪಾಗಿ ಎದ್ದು ಸುಮಾರು ಒಂದು ಗಂಟೆಯಲ್ಲಿ ಮಾಯವಾದರೆ ಅದು ಕೋಲಿನರ್ಜಿಕ್, ಅಂದರೆ ಶೆಕೆಯ ಗಂಧೆ. ಒತ್ತಡ ಬಿದ್ದ ಜಾಗದಲ್ಲಿ ಕೂಡಲೇ ಏನೂ ಕಾಣದೆ, ನಾಲ್ಕಾರು ಗಂಟೆ ಬಿಟ್ಟು ಆಳವಾದ, ನೋಯುವ ಬಾವು ಬಂದರೆ ಅದು ತಡವಾದ ಒತ್ತಡದ ಗಂಧೆ. ಇದೊಂದು ಮಾತ್ರ ಎರಡು ಮೂರು ದಿನ ನಿಲ್ಲಬಹುದು. ಚಳಿಗಾಳಿ, ತಣ್ಣೀರು, ಐಸ್‌ಕ್ರೀಂ ತಾಗಿ, ಆ ಜಾಗ ಮತ್ತೆ ಬೆಚ್ಚಗಾಗುವಾಗ ಎದ್ದರೆ ಥಂಡಿಯ ಗಂಧೆ.

ಈಗ ಹೊದಿಕೆಗೆ ಬನ್ನಿ. ಶೆಕೆಯ ಗಂಧೆ ಇರುವವರಿಗೆ ಭಾರದ ಹೊದಿಕೆಯಲ್ಲಿ ತೊಂದರೆ ಕೊಡುವುದು ಭಾರವಲ್ಲ, ಅದರೊಳಗಿನ ಬಿಸಿ. ಒತ್ತಡದ ಗಂಧೆ ಇರುವವರಿಗೆ ಭಾರವೇ ತೊಂದರೆ. ಗೀರುಗಂಧೆ ಇದ್ದರೆ ಹೊದಿಕೆ ಅಲುಗಾಡಿ ಚರ್ಮಕ್ಕೆ ಉಜ್ಜುವುದು ತೊಂದರೆ. ಅಲುಗದೆ ಒತ್ತಿ ಕುಳಿತರೆ ಅಷ್ಟು ಕಾಡುವುದಿಲ್ಲ. ತಾನಾಗಿ ಏಳುವ ಗಂಧೆಯಾದರೆ ಹೊದಿಕೆಯ ಪಾತ್ರವೇ ಇಲ್ಲದಿರಬಹುದು. ಆಗ ಅದನ್ನು ಕಿತ್ತುಕೊಂಡರೆ ನಿದ್ದೆಯೂ ಹೋಯಿತು, ಗಂಧೆಯೂ ಉಳಿಯಿತು.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಯಾವ ಬಗಿ ಅಂತ ಮನ್ಯಾಗ ಗುರುತು ಹಿಡಿಯೂದು ಹೆಂಗ್ರಿ?

ಚರ್ಮದ ಓದು (ಬೆಳಗಾವಿ)

ಪರೀಕ್ಷೆ ಮಾಡುವುದು ಬೇಡ, ನೋಡಿ ಬರೆದಿಟ್ಟುಕೊಳ್ಳಿ. ಮಾಮೂಲಿನಂತೆ ಹೊದಿಕೆ ಹೊದ್ದ ದಿನ, ತೆಗೆದ ಕೂಡಲೇ, ಒಂದು ಗಂಟೆಯ ಮೇಲೆ, ಆರು ಗಂಟೆಯ ಮೇಲೆ, ಮರುದಿನ ಬೆಳಿಗ್ಗೆ, ಹೀಗೆ ನಾಲ್ಕು ಹೊತ್ತು ಅದೇ ಜಾಗದ ಫೋಟೋ ತೆಗೆಯಿರಿ. ಬೆನ್ನು, ತೊಡೆ, ಭುಜ ಬಿಡಬೇಡಿ. ಕೋಣೆಯ ಶೆಕೆ, ಫ್ಯಾನ್ ಇತ್ತೋ ಕರೆಂಟು ಹೋಗಿತ್ತೋ ಎಂಬುದನ್ನೂ ಬರೆಯಿರಿ. ತೆಗೆದ ಕೂಡಲೇ ಗುಳ್ಳೆ ಇದ್ದು ಒಂದು ಗಂಟೆಯಲ್ಲಿ ಹೋದರೆ ಬಿಸಿಯ ಕಡೆ ಅನುಮಾನ. ಮೊದಲು ಏನೂ ಇಲ್ಲದೆ ಆರನೆಯ ಗಂಟೆಗೆ ಬಾವು ಬಂದರೆ ಒತ್ತಡದ ಕಡೆ. ಅದೇ ಹೊದಿಕೆ ಬೆಳಗಿನ ತಂಪಿನಲ್ಲಿ ಏನೂ ಮಾಡದೆ ಮಧ್ಯಾಹ್ನ ಮಾತ್ರ ಏಳಿಸಿದರೆ ಅದೂ ಬಿಸಿಯೇ. ಖಚಿತ ಮಾಡುವುದು ವೈದ್ಯರ ಕೆಲಸ. ಒತ್ತಡಕ್ಕೂ ಥಂಡಿಗೂ ಅಳತೆಯ ಪರೀಕ್ಷೆಗಳಿವೆ. ಥಂಡಿಯ ಗಂಧೆಗೆ ಮುಂಗೈ ಮೇಲೆ ಐದು ನಿಮಿಷ ಮಂಜುಗಡ್ಡೆ ಇಟ್ಟು ನೋಡುತ್ತಾರೆ. ಅದನ್ನು ಮನೆಯಲ್ಲಿ ಮಾಡಬೇಡಿ, ಕೆಲವರಿಗೆ ಇಡೀ ಮೈಗೆ ಹರಡುತ್ತದೆ.

ಬಿಸಿಯೇ ಕಾರಣ ಎಂದು ಗೊತ್ತಾದರೆ ಹೊದಿಕೆಯ ಬದಲು ತೊಡೆಯ ಮೇಲೆ ಇಟ್ಟುಕೊಳ್ಳುವ ಭಾರದ ಚೀಲ ಸಾಕಾಗಬಹುದು: ಒಂದೆರಡು ಕೆಜಿ, ಮಲ್ ಬಟ್ಟೆಯ ಹೊರಚೀಲ, ಫ್ಯಾನಿನ ಕೆಳಗೆ, 15–20 ನಿಮಿಷ. ಒತ್ತಡ ಕಾರಣವಾದರೆ ಮೈಯನ್ನು ಒತ್ತದೆ ಸಮಾಧಾನ ಕೊಡುವ ದಾರಿ ಬೇಕು. ಜೋಕಾಲಿ ಒಳ್ಳೆಯದು, ಆದರೆ ಹಗ್ಗದ ಮೇಲಲ್ಲ, ಅಗಲ ಹಲಗೆಗೆ ದಪ್ಪ ಗಾದಿ ಹಾಕಿ. ಸಣ್ಣ ಪಟ್ಟಿ ತೊಡೆಗೆ ಒತ್ತಿದರೆ ರಾತ್ರಿ ಅಲ್ಲೇ ಬಾವು. ಅಗಿಯಲು ಗಟ್ಟಿ ತಿನಿಸು, ತಾಳಕ್ಕೆ ತೂಗುವುದು ಕೂಡ ಕೆಲವರಿಗೆ ಒಗ್ಗುತ್ತವೆ. ಶಬ್ದ ತಡೆಯುವ ಹೆಡ್‌ಫೋನು, ಸಂವಹನದ ಟ್ಯಾಬ್ ತೂಗುಹಾಕುವ ಪಟ್ಟಿ, ಶಾಲೆಚೀಲದ ಪಟ್ಟಿ ಇವೂ ಒತ್ತಡವೇ, ಮರೆಯಬಾರದು. ಇನ್ನೊಂದು: ಹೊದಿಕೆಯನ್ನು ತಾನೇ ಸರಿಸಲಾರದ ಮಗುವಿಗೆ ಗಂಧೆ ಇರಲಿ ಇಲ್ಲದಿರಲಿ, ಭಾರದ ಹೊದಿಕೆ ಹೊದಿಸಬಾರದು.

ಮಾತಿಗಿಂತ ಚಿತ್ರ (ವಿಜಯಪುರ)

ಆಟಿಸ್ಟಿಕ್ ವಯಸ್ಕರ ಕಡಿಂದ ಒಂದಿಷ್ಟು. ಅಮೆರಿಕದ ಮನೋವೈದ್ಯರು ರೋಗ ಗುರುತಿಸಾಕ ಬಳಸೂ ಕೈಪಿಡಿ, 2013ರ ಡಿಎಸ್‌ಎಂ-5 ರೊಳಗ ಆಟಿಸಂ ಗುರುತಿಸೂ ಲಕ್ಷಣಗಳ ಪಟ್ಟಿಗೇ ಸಂವೇದನೆಯ ಏರುಪೇರು ಸೇರ್ಯದ. ಏರೂ ಅದ, ಇಳಿತಾನೂ ಅದ. ಒಬ್ಬರಿಗೆ ಅಂಗಿ ಕೊರಳಪಟ್ಟಿಯ ಚೀಟಿ ತಾಗಿದ್ರೂ ತಡಕೊಳ್ಳಾಕ ಆಗೂದಿಲ್ಲ, ಇನ್ನೊಬ್ಬರಿಗೆ ಬೆನ್ನ ತುಂಬ ಗಂಧಿ ಎದ್ದರೂ ಗೊತ್ತಾಗೂದಿಲ್ಲ. ಒಬ್ಬರಿಗೇ ಎರಡೂ ಇರಬಹುದು. ಮೈಯೊಳಗ ಆಗೂದನ್ನ ಹೆಸರಿಟ್ಟು ಹೇಳೂದು ಭಾಳ ಮಂದಿಗೆ ಕಠಿಣ. ಹಸಿವಿಗೂ ಹೊಟ್ಟಿನೋವಿಗೂ ಫರಕು ಮಾಡೂದ ತ್ರಾಸು, ತುರಿಕಿಗೂ ಉರಿಗೂ ಹೆಂಗ ಮಾಡ್ಬೇಕು?

ಅದಕ್ಕ ತುರಿಕಿ ಬ್ಯಾರೆ ವೇಷದಾಗ ಹೊರಗ ಬರ್ತದ. ಇದ್ದಕ್ಕಿದ್ದಂಗ ಅಂಗಿ ಕಿತ್ತೊಗೆಯೂದು, ಗ್ವಾಡಿಗೆ ಬೆನ್ನು ತಿಕ್ಕೂದು, ತಲಿ ಬಡಕೊಳ್ಳೂದು, ರಾತ್ರಿ ಎರಡಕ್ಕ ಎದ್ದು ಓಡಾಡೂದು, ಜಳಕ ಅಂದ್ರ ಕಿರಚೂದು. ಇದನ್ನ "ಹಟ" ಅಂತ ಬರದುಬಿಟ್ರ ಮುಂದ ಆ ಹಟಕ್ಕ ಔಷಧ ಶುರು ಆಗ್ತದ, ಚರ್ಮ ಯಾರೂ ನೋಡೂದಿಲ್ಲ. ನಡವಳಿಕಿ ಒಮ್ಮೆಲೆ ಬದಲಾದ್ರ ಮೊದಲು ಅಂಗಿ ಬಿಚ್ಚಿ ಬೆಳಕಿನ್ಯಾಗ ಮೈ ನೋಡ್ರಿ. ಕಪ್ಪು ಚರ್ಮದ ಮ್ಯಾಲೆ ಕೆಂಪು ಕಾಣೂದಿಲ್ಲ. ಓರೆ ಬೆಳಕು ಬಿಟ್ಟು ಉಬ್ಬು ನೋಡ್ಬೇಕು, ಅಂಗೈ ಇಟ್ಟು ಬಿಸಿ ನೋಡ್ಬೇಕು.

"ಹೆಂಗನಸ್ತದ?" ಅಂತ ಕೇಳಬ್ಯಾಡ್ರಿ. ಮೈಯ ಮುಂದಿನ ಮತ್ತ ಹಿಂದಿನ ಚಿತ್ರ ಎರಡು ಹಾಳಿ ಮ್ಯಾಲೆ ಬರದು, ತುರಿಕಿ, ಉರಿ, ನೋವು ಮೂರು ಗುರುತು ಇಟ್ಟು, ಎಲ್ಲಿ ಅಂತ ಬೆರಳು ಇಡಸ್ರಿ. ಟ್ಯಾಬಿನ್ಯಾಗ ಮಾತಾಡೋರಿಗೆ "ತುರಿಕಿ" ಗುಂಡಿ ಮೊದಲ ಪುಟದಾಗ ಇರ್ಲಿ, ಮೂರನೇ ಪುಟದಾಗ ಇಟ್ರ ಆ ಹೊತ್ತಿಗೆ ಕೈಗೆ ಸಿಗೂದಿಲ್ಲ. ಅದನ್ನ ಕಲಸೂದು ಗಂಧಿ ಇಲ್ಲದ ದಿನ ಅಲ್ಲ, ಸೊಳ್ಳಿ ಕಚ್ಚಿದಾಗ. ತುರಿಕಿ ಕಣ್ಣಿಗೆ ಕಾಣೂ ಹೊತ್ತಿನ್ಯಾಗ ಮಾತು ಜೋಡಿಸಿದ್ರ ಅರ್ಥ ಆಗ್ತದ.

ಕೆರಕೊಳ್ಳೂ ಕೈ ಹಿಡದು ನಿಲ್ಲಸಬ್ಯಾಡ್ರಿ. ಕೈ ಹಿಡದ್ರ ಗಾಬರಿ, ಗಾಬರಿಗೆ ಬೆವರು, ಬೆವರಿಗೆ ಮತ್ತ ಗಂಧಿ. ಉಗುರು ಸಣ್ಣ ಮಾಡಿ ಅಂಚು ನುಣುಪು ಮಾಡ್ರಿ, ಮೈ ಬಿಟ್ಟು ಅದನ್ನ ಕೆರಿಲಿ ಅಂತ ಕೈಯಾಗ ಒರಟು ಅರಿವಿ ತುಂಡು ಕೊಡ್ರಿ, ತುರಸೂ ಜಾಗಕ್ಕ ಒದ್ದಿ ಮಲ್ ಅರಿವಿ ಇಲ್ಲಾ ತಣ್ಣನ ಸ್ಟೀಲ್ ಲೋಟ ಒತ್ತಿ ಹಿಡೀರಿ. ಥಂಡಿ ಗಂಧಿ ಇದ್ದವರಿಗೆ ಮಾತ್ರ ತಣ್ಣನದು ಬ್ಯಾಡ.

ಹೊಳಿಸಾಲು (ಜಮಖಂಡಿ)

ಊರಾಗ ಕಂಬಳಿ ತಿಕ್ಕತಾರ, ಅಮಸೋಲ ನೆನಸಿದ ನೀರು ಹಚ್ಚತಾರ, ಕೆಮ್ಮಣ್ಣು ಬಳೀತಾರ. ಹಿಂದಿನವರು ಸುಮ್ಮನ ಮಾಡಿಲ್ಲ. ಕಂಬಳಿ ತಿಕ್ಕಿದ ತಾಸಿಗೆ ಗಂಧಿ ಇಳಿಯೂದನ್ನ ಎಲ್ಲಾರೂ ನೋಡ್ಯಾರ.

ಚರ್ಮದ ಓದು (ಬೆಳಗಾವಿ)

ಅಣ್ಣಾರ, ಇಳಿಯುವುದು ನಿಜ. ಆದರೆ ಕಂಬಳಿ ತಿಕ್ಕದಿದ್ದರೂ ಆ ಉಬ್ಬು ಕೆಲವು ಗಂಟೆಯಲ್ಲಿ ಇಳಿಯುತ್ತಿತ್ತು, ಅದು ಅದರ ಸ್ವಭಾವ. ಗೀರುಗಂಧೆ ಇರುವವರಿಗೆ ಒರಟು ಉಣ್ಣೆ ತಿಕ್ಕಿದರೆ ತಿಕ್ಕಿದಷ್ಟೂ ಏಳುತ್ತದೆ. ಅಮಸೋಲು ಹುಳಿ, ಕೆರೆದು ಬಿರಿದ ಚರ್ಮಕ್ಕೆ ಉರಿ ಹತ್ತುತ್ತದೆ. ಸಾರು ಮಾಡಿ ಕುಡಿಯುವುದಕ್ಕೆ ಅಡ್ಡಿಯಿಲ್ಲ. ಕೆಮ್ಮಣ್ಣು ಒಣಗಿ ಬಿಗಿಯುತ್ತದೆ, ಆ ಬಿಗಿತವನ್ನೇ ತಡೆಯಲಾರದ ಮಗು ಇನ್ನಷ್ಟು ಒದ್ದಾಡುತ್ತದೆ. ಕ್ಯಾಲಮೈನ್ ಲೋಷನ್ನಿಗೂ ಇದೇ ತೊಂದರೆ. ಒಣಗಿದ ಮೇಲೆ ಪುಡಿ ಉದುರುವುದನ್ನು ಕೆಲವರು ಸಹಿಸುವುದಿಲ್ಲ. ಮೊದಲು ಮುಂಗೈ ಮೇಲೆ ರೂಪಾಯಿ ಅಗಲ ಹಚ್ಚಿ, ಮಗು ಒರೆಸಿಕೊಂಡರೆ ಅಲ್ಲಿಗೇ ಬಿಡಿ. ಹಿರಿಯರು ಕಂಬಳಿ ಹಿಡಿದು ಬಂದರೆ ಜಗಳವಾಡಬೇಡಿ, ಒದ್ದೆ ಮಲ್ ಬಟ್ಟೆ ಕೈಗೆ ಕೊಟ್ಟು ಒತ್ತಲು ಹೇಳಿ. ಅವರಿಗೂ ಏನಾದರೂ ಮಾಡಬೇಕೆಂಬ ಕಳಕಳಿ ಇರುತ್ತದೆ.

ನವನಗರ ಹೊಲಿಗಿ (ಬಾಗಲಕೋಟೆ)

ಅರಿವಿ ಬಗ್ಗೆ ನಾ ಹೇಳತೀನ್ರಿ. ಕೊರಳ ಹಿಂದಿನ ಚೀಟಿ ಕತ್ತರಿಯಿಂದ ಕತ್ತರಿಸಬ್ಯಾಡ್ರಿ, ಉಳಿದ ತುದಿ ಇನ್ನಷ್ಟು ಚುಚ್ಚತೈತಿ. ಹೊಲಿಗಿ ಬಿಚ್ಚಿ ಪೂರ್ತಿ ತೆಗೀರಿ, ಕೊರಳಪಟ್ಟಿ ಹೊಲಿಗಿ ಸಡಲಾದರ ಹತ್ತಿ ದಾರದಿಂದ ಮತ್ತ ಹಾಕ್ರಿ. ರೆಡಿಮೇಡ್ ಅಂಗಿ ಒಳಗಿನ ಇಂಟರ್‌ಲಾಕ್ ದಾರ ಸಾಮಾನ್ಯವಾಗಿ ಸಿಂಥೆಟಿಕ್ ಇರತೈತಿ, ಬಗಲಾಗ ಅದ ಕೆರೀತೈತಿ. ಹೊಸದು ಹೊಲಸೂದಿದ್ದರ ಫ್ರೆಂಚ್ ಸೀಮ್ ಅಂತ ಹೇಳ್ರಿ: ಮೊದಲು ಹೊರಮೈ ಕಡೆ 5 ಮಿಮೀ ಹೊಲದು, ಅಂಚು ಕತ್ತರಿಸಿ, ತಿರುವಿ ಒಳಗಿಂದ 7 ಮಿಮೀ ಹೊಲೀತಾರ. ಹಸಿ ಅಂಚು ಒಳಗ ಮುಚ್ಚಿ ಹೋಗತೈತಿ. ಒಂದು ಅಂಗಿಗೆ ಅರ್ಧ ತಾಸು ಹೆಚ್ಚಿನ ಕೆಲಸ, ಟೇಲರ್ ಒಲ್ಲೆ ಅಂದರ ಒಳ ಅಂಗಿಯನ್ನ ತಿರುವಿ ಹಾಕ್ರಿ, ಹೊಲಿಗಿ ಹೊರಗ ಬರಲಿ.

ಎಲಾಸ್ಟಿಕ್ ಸಣ್ಣದಿದ್ದಷ್ಟು ಒತ್ತಡ ಹೆಚ್ಚು. ಲಾಡಿಯೂ ಹಂಗ. ಸೊಂಟಕ್ಕ 4 ಸೆಂಮೀ ಅಗಲದ ಮೆತ್ತನ ಪಟ್ಟಿ ಹಾಕಿದರ ಅದ ಬಿಗಿ ಅಗಲಕ್ಕ ಹಂಚಿ ಹೋಗತೈತಿ. ಎಲಾಸ್ಟಿಕ್ ಚರ್ಮಕ್ಕ ನೇರ ತಾಗಬಾರದು, ಹತ್ತಿ ಅರಿವಿ ಒಳಗ ಇರಬೇಕು.

ಲಗ್ನ ಬಂದರ ಗುಳೇದಗುಡ್ಡದ ಖಣದ ಕುಬಸ, ಇಳಕಲ್ ಸೀರಿ ಇರಲಿಕ್ಕ ಬೇಕು ಅಂತಾರ. ಬ್ಯಾಡ ಅನ್ನೂದು ಕಾರಣಿಲ್ಲ. ಖಣಕ್ಕ ಪೂರ್ತಿ ಅಸ್ತರ ಕೊಡ್ರಿ, ತೋಳಿನ ಅಂಚು, ಬಗಲು, ಹುಕ್ಕಿನ ಪಟ್ಟಿ ಯಾವುದೂ ಬಿಡದಂಗ. ಅಸ್ತರಕ್ಕ ಹಳೇ ಧೋತರ ಇಲ್ಲಾ ತೊಳದು ಮೆತ್ತಗಾದ ಮಲ್, ಪಾಲಿಸ್ಟರ್ ಅಲ್ಲ. ಬಗಲಾಗ ಎರಡು ಸೆಂಮೀ ಸಡಲ ಬಿಡ್ರಿ. ಹೊಸ ಸೀರಿಯ ಗಂಜಿ ಹೋಗೂತನಕ ಬಿರುಸು ಇರತೈತಿ. ಬಣ್ಣ ಬಿಡೂದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಲಗ್ನಕ್ಕ ಮುಂಚೆ ಎರಡು ಮೂರು ಸಲ ಬರೇ ನೀರಾಗ ಅದ್ದಿ ತಗೀರಿ. ಉಟ್ಟು ಕೂಡೂದು ಅಕ್ಷತಾ ಹೊತ್ತಿಗೆ ಅಷ್ಟ, ಬದಲಿಸಾಕ ಮೆತ್ತನ ಹಳೇ ಅರಿವಿ ಚೀಲದಾಗ ಇರಲಿ.

ಬಿಎಲ್ ರಸ್ತೆ (ಬೆಳಗಾವಿ)

ಶಾಲೆಯ ಟೆರಿಕಾಟ್ ಸಮವಸ್ತ್ರ, ಬೆಲ್ಟು, ಟೈ ಬಗ್ಗೆ ಏನು ಮಾಡುವುದು?

ಮಾತಿಗಿಂತ ಚಿತ್ರ (ವಿಜಯಪುರ)

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗಿಯೊಳಗ ಆಟಿಸಂ ಅದ. ಶಾಲಿಗಳು ಮಗುವಿನ ಅಗತ್ಯಕ್ಕ ತಕ್ಕ ಸೂಕ್ತ ಹೊಂದಾಣಿಕಿ ಮಾಡ್ಬೇಕು ಅಂತ ಅದೇ ಕಾಯ್ದೆ ಹೇಳ್ತದ. ಅರ್ಜಿ ಒಂದೇ ಪುಟ ಬರೀರಿ: ಅದೇ ಬಣ್ಣದ ಹತ್ತಿ ಅರಿವಿ, ಬೆಲ್ಟು ಮತ್ತ ಟೈ ವಿನಾಯಿತಿ, ಬಿಸಿಲಿನ ಪ್ರಾರ್ಥನೆ ಸಾಲಿನ್ಯಾಗ ನೆರಳು, ಆಟದ ತಾಸಿನ ಮ್ಯಾಲೆ ಮೈ ತಣಿಯಲಿಕ್ಕೆ ಹತ್ತು ನಿಮಿಷ. ಡಾಕ್ಟರ ಚೀಟಿ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಪ್ರತಿ ಜೋಡಸ್ರಿ. "ಸೂಕ್ಷ್ಮ ಚರ್ಮ" ಅಂತ ಬರದ್ರ ಸಾಲೂದಿಲ್ಲ, "ಬೆವರಿದರೆ ಗಂಧೆ ಏಳುತ್ತದೆ" ಅಂತ ಬರಸ್ರಿ. ಕಾರಣ ಕಂಡ್ರ ಹೆಡ್‌ಮಾಸ್ತರಿಗೂ ಒಪ್ಪಲಿಕ್ಕೆ ಹಗುರ.

ಗೋಳಗುಮ್ಮಟ ನೆರಳು (ವಿಜಯಪುರ)

ನೀರಿನ ಮಾತು ಇನ್ನೂ ಬಂದಿಲ್ಲ. ನಮ್ಮ ಕಡೆ ಬೋರಿನ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನ ಜೋಡಿ ಕೂಡಿ ಜಿಗುಟು ಗಸಿ ಆಗ್ತದ, ಅದು ಚರ್ಮದ ಮ್ಯಾಲೂ ಅರಿವಿಯೊಳಗೂ ಉಳೀತದ. ಬುರುಗು ಬರೂದಿಲ್ಲ ಅಂತ ಮತ್ತಷ್ಟು ಸಾಬೂನು ತಿಕ್ತೀವಿ, ಗಸಿ ಇನ್ನಷ್ಟು. ಅದಕ್ಕ ಮೈಗೆ ಪರಿಮಳ ಇಲ್ಲದ ಸಿಂಡೆಟ್ ಬಾರ್ (ಸಾಬೂನಿನಂಗ ಕಂಡ್ರೂ ಸಾಬೂನು ಅಲ್ಲದ್ದು) ಇಲ್ಲಾ ದ್ರವ ಕ್ಲೆನ್ಸರ್ ಹಚ್ರಿ. ಬಗಲು, ತೊಡಿಸಂದು, ಪಾದ ಅಷ್ಟ ಸಾಕು, ಉಳಿದದ್ದಕ್ಕ ಬರೇ ನೀರು. ಕಡ್ಲಿಹಿಟ್ಟು, ಸೀಗೆಪುಡಿ ತಿಕ್ಕೂದು ಗೀರುಗಂಧಿಗೆ ಆಗಿ ಬರೂದಿಲ್ಲ. ಜಳಕ 5ರಿಂದ 10 ನಿಮಿಷ, ಉಗುರುಬೆಚ್ಚಗ. ಟಾವೆಲ್ ತಿಕ್ಕದೆ ಒತ್ತಿ ಒರಸ್ರಿ.

ಅರಿವಿ ಒಗಿಯೂದು: ಪುಡಿ ಹಾಕೂದಿದ್ರ ಮೊದಲು ಒಂದು ಮಗ್ ನೀರಾಗ ಪೂರ್ತಿ ಕರಗಸ್ರಿ, ಕರಗದ ಕಾಳು ಹೊಲಿಗಿಯೊಳಗ ಕೂಡ್ತಾವ. ಮೂರು ಬಕೆಟ್ ನೀರಾಗ ಜಾಲಸ್ರಿ. ಮೂರನೇ ನೀರು ಕೈಗೆ ಜಾರಿದಂಗ ಅನಿಸಿದ್ರ ನಾಲ್ಕನೇದು. ನೀಲಿ, ಕಂಡೀಷನರ್, ಪರಿಮಳದ ದ್ರವ ಬ್ಯಾಡ. ವಾಸನಿ ಬದಲಾದ್ರ ಭಾಳ ಮಂದಿ ಆಟಿಸ್ಟಿಕ್ ಮಕ್ಕಳು ಆ ಅಂಗಿಯನ್ನೇ ಒಲ್ಲೆ ಅಂತಾರ, ಅದಕ್ಕ ಒಗಿಯೂ ಪುಡಿ ಬದಲಿಸೂದಿದ್ರ ಹಾಸಿಗಿಯಿಂದ ಶುರು ಮಾಡಬ್ಯಾಡ್ರಿ, ಒಂದು ಅಂಗಿಯಿಂದ ಶುರು ಮಾಡ್ರಿ.

ಮುಲಾಮಿನ ಮಾತು: ಜಳಕ ಆಗಿ ಮೈ ಇನ್ನೂ ಸ್ವಲ್ಪ ಹಸಿ ಇದ್ದಾಗ, ಮೂರು ನಿಮಿಷದೊಳಗ ಹಚ್ರಿ. ಪೆಟ್ರೋಲಿಯಂ ಜೆಲ್ಲಿ ಚಳಿಗಾಲಕ್ಕ ಛಲೋ. ಏಪ್ರಿಲ್-ಮೇ ಬಿಸಲಾಗ ಅದನ್ನ ಬಳದ್ರ ಬೆವರು ಹೊರಗ ಹೋಗದ ಬೆವರುಸಾಲಿ ಏಳ್ತದ, ಆಮ್ಯಾಲೆ ಗಂಧಿ ಯಾವುದು, ಬೆವರುಸಾಲಿ ಯಾವುದು ತಿಳಿಯೂದಿಲ್ಲ. ಬ್ಯಾಸಗಿಗೆ ತೆಳು ಲೋಷನ್. ಹಚ್ಚೂ ಕೈ ಹಗುರ ಇದ್ರ ಭಾಳ ಮಂದಿಗೆ ಅದ ಕಿರಿಕಿರಿ, ಇಡೀ ಅಂಗೈ ಇಟ್ಟು ಗಟ್ಟಿಯಾಗಿ, ಕೂದಲು ಹೋದ ದಿಕ್ಕಿನ್ಯಾಗ ಒಮ್ಮೆ ಎಳೀರಿ. ಗೀರುಗಂಧಿ ಇದ್ದವರಿಗೆ ಎಳೆಯೂದೂ ಬ್ಯಾಡ, ಚುಕ್ಕಿ ಇಟ್ಟು ಒತ್ತಿ ಹರವ್ರಿ. ತಾವೇ ಹಚ್ಚಿಕೊಳ್ಳೂವಂಗಿದ್ರ ತಾವೇ ಹಚ್ಚಿಕೊಳ್ಳಲಿ.

ಹೊಳಿಸಾಲು (ಜಮಖಂಡಿ)

ಹಂಗಾರ ಊಟ? ಬದನಿಕಾಯಿ, ಶೇಂಗಾ, ತತ್ತಿ ನಂಜು ಅಂತ ಬಿಡಸತಾರಲ್ಲ.

ಚರ್ಮದ ಓದು (ಬೆಳಗಾವಿ)

ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಆರು ವಾರ ದಾಟಿದ ಗಂಧೆಗೆ ಊಟದ ಅಲರ್ಜಿ ಕಾರಣವಾಗಿರುವುದು ತೀರಾ ಕಡಿಮೆ. ಊಟದ ಅಲರ್ಜಿಯಾದರೆ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ, ತಿಂದಾಗಲೆಲ್ಲ ಬರುತ್ತದೆ. ಸೋಮವಾರ ತಿಂದ ಬದನೆಕಾಯಿಗೆ ಬುಧವಾರ ಗಂಧೆ ಏಳುವುದಿಲ್ಲ.

ಆಟಿಸ್ಟಿಕ್ ಮಕ್ಕಳಲ್ಲಿ ಎಷ್ಟೋ ಮಂದಿ ಬೆರಳೆಣಿಕೆಯ ತಿನಿಸು ಮಾತ್ರ ತಿನ್ನುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಇಷ್ಟರಲ್ಲೇ ಮಗು ನಿಂತಿದೆ ಎಂದುಕೊಳ್ಳಿ. ನಂಜೆಂದು ಶೇಂಗಾ ಬಿಡಿಸಿದರೆ ಪ್ರೋಟೀನು, ಎಣ್ಣೆಯಂಶ ಎರಡೂ ಹೋದವು. ಹಾಗೆ ಬಿಟ್ಟ ತಿನಿಸನ್ನು ಮತ್ತೆ ತಟ್ಟೆಗೆ ತರುವುದು ಬಹಳ ಕಷ್ಟ, ಎಷ್ಟೋ ಸಲ ಅದು ಬರುವುದೇ ಇಲ್ಲ. ತೂಕ ಇಳಿಯುತ್ತದೆ, ಗಂಧೆ ಇದ್ದಲ್ಲೇ ಇರುತ್ತದೆ. ಅನುಮಾನವಿದ್ದರೆ ತಿಂದ ಹೊತ್ತು, ಎದ್ದ ಹೊತ್ತು ಎರಡು ವಾರ ಬರೆಯಿರಿ, ವೈದ್ಯರಿಗೆ ತೋರಿಸಿ, ಅವರು ಹೇಳಿದ ಒಂದನ್ನು ಮಾತ್ರ ಹೇಳಿದಷ್ಟು ದಿನ ಬಿಡಿಸಿ. ನೂರಾರು ಪದಾರ್ಥದ ರಕ್ತಪರೀಕ್ಷೆ ಪಟ್ಟಿಗಳಿಗೆ ದುಡ್ಡು ಸುರಿಯಬೇಡಿ. ಅಲ್ಲಿ ಬರುವ ಪಾಸಿಟಿವ್‌ಗಳಲ್ಲಿ ಬಹಳಷ್ಟು, ತಿಂದರೆ ಏನೂ ಆಗದ ಪದಾರ್ಥಗಳೇ ಇರುತ್ತವೆ. ಖಾರದ ಬಿಸಿ ಸಾರು ಮಾತ್ರ ಶೆಕೆಯ ಗಂಧೆಯನ್ನು ಏಳಿಸಬಹುದು. ಅಲ್ಲಿ ಕಾರಣ ಅಲರ್ಜಿಯಲ್ಲ, ಮೈ ಬಿಸಿಯಾಗುವುದು. ಸಾರು ಆರಿಸಿ ಬಡಿಸಿದರೆ ಆಯಿತು.

ಹೊಲದ ಕಡೆಯವರಿಗೆ ಇನ್ನೊಂದು. ಕಬ್ಬಿನ ರವದಿ, ಜೋಳದ ಸುಂಕು ಚರ್ಮಕ್ಕೆ ಚುಚ್ಚಿ ಕೆರೆತ ತರುತ್ತವೆ. ಕಾಂಗ್ರೆಸ್ ಕಸ (ಪಾರ್ಥೇನಿಯಂ) ತರುವುದು ಗಂಧೆಯಲ್ಲ, ಇಸುಬಿನಂಥ ಒರಟು ಉರಿಯೂತ. ಮುಖ, ಕೊರಳು, ಮೊಣಕೈ ಮಡಿಕೆಯಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಸೊಳ್ಳೆ, ತಿಗಣೆ ಕಡಿತದ ಗುಳ್ಳೆಯೂ ದಿನಗಟ್ಟಲೆ ನಿಲ್ಲುತ್ತದೆ, ನಡುವೆ ಚುಕ್ಕಿ ಇರುತ್ತದೆ. ಮನೆಯಲ್ಲಿ ಎಲ್ಲರಿಗೂ ರಾತ್ರಿ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಕಜ್ಜಿ. ಇವುಗಳ ಔಷಧ ಬೇರೆ ಬೇರೆ.

ಔಷಧಿ ಕಪಾಟು (ವಿಜಯಪುರ)

ಗುಳಿಗಿ ಬಗ್ಗೆ. ಪ್ರಮಾಣ ಡಾಕ್ಟರು ಹೇಳಬೇಕು, ನಾ ಹೇಳೂದು ತಗೊಳ್ಳೂ ಕ್ರಮ.

ಮೊದಲ ಸಾಲಿನ ಔಷಧ ಮಂಪರು ಕಡಿಮಿ ಇರೂ ಎರಡನೇ ಪೀಳಿಗಿಯ ಆಂಟಿಹಿಸ್ಟಮಿನ್, ಅಂದ್ರ ಹಿಸ್ಟಮಿನ್ ತಡೆಯೂ ಔಷಧ. ದೊಡ್ಡವರಿಗೆ ದಿನಕ್ಕ ಒಮ್ಮೆ ಸೆಟಿರಿಜಿನ್ 10 ಮಿಗ್ರಾಂ, ಲಿವೊಸೆಟಿರಿಜಿನ್ 5, ಲೊರಾಟಡಿನ್ 10, ಫೆಕ್ಸೊಫೆನಡಿನ್ 180, ಬಿಲಾಸ್ಟಿನ್ 20, ಇವುಗಳೊಳಗ ಒಂದು. ದೀರ್ಘಕಾಲದ ಗಂಧಿಗೆ ಎದ್ದಾಗ ಮಾತ್ರ ನುಂಗಿದ್ರ ಸಾಲೂದಿಲ್ಲ, ದಿನಾ ಒಂದೇ ಹೊತ್ತಿಗೆ ತಗೋಬೇಕು. ಹಿಸ್ಟಮಿನ್ ಕೂಡೂ ಜಾಗದಾಗ ಔಷಧ ಮೊದಲೇ ಕುಂತಿದ್ರ ಗಂಧಿ ಏಳೂದಿಲ್ಲ. ದಿನಚರಿ ಬೇಕು ಅನ್ನೂ ಆಟಿಸ್ಟಿಕ್ ಮಂದಿಗೆ ಇದು ಒಗ್ಗತದ. ಹಲ್ಲು ತಿಕ್ಕೂದರ ಜೋಡಿ ಕೂಡಿಸ್ರಿ. ಎರಡರಿಂದ ನಾಲ್ಕು ವಾರದಾಗ ಹತೋಟಿಗೆ ಬರದಿದ್ರ ಡಾಕ್ಟರು ನಾಲ್ಕು ಪಟ್ಟಿನತನ ಏರಸಬಹುದು, ಅದಕ್ಕೂ ಬಗ್ಗದಿದ್ರ ಒಮಲಿಝುಮಾಬ್ ಸೂಜಿ ಅದ, 12 ವರ್ಷ ದಾಟಿದವರಿಗೆ ನಾಲ್ಕು ವಾರಕ್ಕೊಮ್ಮೆ 300 ಮಿಗ್ರಾಂ. ತಾವಾಗೇ ಏರಸಬ್ಯಾಡ್ರಿ.

ಬಿಲಾಸ್ಟಿನ್ ಖಾಲಿ ಹೊಟ್ಟಿಗೆ, ಊಟಕ್ಕ ಒಂದು ತಾಸು ಮೊದಲು ಇಲ್ಲಾ ಎರಡು ತಾಸು ಆದಮ್ಯಾಲೆ. ಅದನ್ನೂ ಫೆಕ್ಸೊಫೆನಡಿನ್ನೂ ಹಣ್ಣಿನ ರಸದಾಗ ಕೊಟ್ರ ಮೈಗೆ ಹತ್ತೂದು ಕಡಿಮಿ. ಗುಳಿಗಿ ಒಲ್ಲೆ ಅನ್ನೂ ಮಗುವಿಗೆ ರಸದಾಗ ಪುಡಿ ಕಲಸಿ ಕುಡಸೂದು ಎಲ್ಲಾ ಮನ್ಯಾಗ ನಡೀತದ, ಅದಕ್ಕ ಹೇಳಿದೆ. ಅಲ್ಯುಮಿನಿಯಂ-ಮ್ಯಾಗ್ನೇಷಿಯಂ ಇರೂ, ಹೊಟ್ಟಿಯ ಆಮ್ಲ ತಗ್ಗಿಸೂ ಔಷಧಕ್ಕೂ ಫೆಕ್ಸೊಫೆನಡಿನ್‌ಗೂ ಎರಡು ತಾಸು ಅಂತರ ಇರ್ಲಿ. ಫೆಕ್ಸೊಫೆನಡಿನ್ 180 ಗುಳಿಗಿ ದೊಡ್ಡದು, ಲಿವೊಸೆಟಿರಿಜಿನ್ ಸಣ್ಣದು. ನುಂಗೂದು ಕಷ್ಟ ಇದ್ದವರು ಡಾಕ್ಟರಿಗೆ ಇದನ್ನ ಮೊದಲೇ ಹೇಳ್ರಿ. ಸಿರಪ್ಪಿನ ರುಚಿ ಕಂಪನಿಗೊಂದು, ಒಗ್ಗಿದ್ದು ಯಾವುದೋ ಅದನ್ನೇ ಚೀಟಿ ಮ್ಯಾಲೆ ಬರಸಿಕೊಳ್ರಿ.

ನಿದ್ದಿ ತರೂ ಹಳೇ ಆಂಟಿಹಿಸ್ಟಮಿನ್‌ಗಳು, ಕ್ಲೋರ್‌ಫೆನಿರಮಿನ್, ಫೆನಿರಮಿನ್, ಹೈಡ್ರಾಕ್ಸಿಜಿನ್, ಇವನ್ನ ದಿನಾ ಕೊಡೂದು ಸಲ್ಲದು. ಸಿಟ್ಟು, ಕೆರಳಿಕಿ ತಗ್ಗಿಸೂ ರಿಸ್ಪೆರಿಡೋನ್ ತಗೊಳ್ಳೂ ಮಕ್ಕಳಿಗೆ ಮಂಪರು ಇನ್ನಷ್ಟು ಹೆಚ್ಚು. ಕೆಲ ಮಕ್ಕಳು ಮಂಪರಿನ ಬದಲು ತದ್ವಿರುದ್ಧ ಕೆರಳ್ತಾರ. ಹೈಡ್ರಾಕ್ಸಿಜಿನ್‌ಗೆ ಹೃದಯದ ಲಯದ ತೊಂದ್ರಿ ಅದ, ಎಸಿಟಲೊಪ್ರಾಮ್‌ನಂಥ ಖಿನ್ನತಿ ಔಷಧದ ಜೋಡಿ ಕೂಡಿದ್ರ ಹೆಚ್ಚು. ತಗೊಳ್ಳೂ ಎಲ್ಲಾ ಔಷಧದ ಪಟ್ಟಿ ಚರ್ಮದ ಡಾಕ್ಟರಿಗೂ ಮನಸಿನ ಡಾಕ್ಟರಿಗೂ ತೋರಸ್ರಿ.

ಗಂಧಿ ಇದ್ದಾಗ ಜ್ವರ, ಮೈಕೈ ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ತಗೊಂಡ್ರ ಕೆಲವರಿಗೆ ಗಂಧಿ ಜೋರಾಗ್ತದ, ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ನಡೀತದ. ಊರ ದವಾಖಾನಿಯೊಳಗ ಪ್ರತಿ ಸಲ ಸ್ಟಿರಾಯ್ಡ್ ಸೂಜಿ ಮಾಡಸಿಕೊಳ್ಳೂ ರೂಢಿ ಬಿಡ್ರಿ. ಅವತ್ತು ಇಳೀತದ, ಎರಡು ದಿನಕ್ಕ ಮತ್ತ ಏಳ್ತದ, ಸೂಜಿ ಎಣಿಕಿ ಏರ್ತದ. ಮತ್ತೊಂದು: ಸೆಟಿರಿಜಿನ್, ಲಿವೊಸೆಟಿರಿಜಿನ್ ತಿಂಗಳಗಟ್ಟಲೆ ತಗೊಂಡು ಒಮ್ಮೆಲೆ ಬಿಟ್ರ ಕೆಲವೇ ಮಂದಿಗೆ ತೀವ್ರ ತುರಿಕಿ ಬರ್ತದ ಅಂತ 2025ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸ್ಯದ. ನಿಲ್ಲಸೂದಿದ್ರ ಡಾಕ್ಟರನ್ನ ಕೇಳಿ ನಿಧಾನಕ್ಕ ಇಳಸ್ರಿ.

ಚರ್ಮದ ಓದು (ಬೆಳಗಾವಿ)

ಅಪಾಯದ ಗುರುತು ಬೇರೆಯಾಗಿ ಬರೆಯುತ್ತೇನೆ. ಗಂಧೆಯ ಜೊತೆ ನಾಲಿಗೆ ಅಥವಾ ಗಂಟಲು ಊದುವುದು, ದನಿ ಬದಲಾಗುವುದು, ಉಸಿರಾಟದಲ್ಲಿ ಸೀಟಿ, ಪದೇಪದೇ ವಾಂತಿ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಮಾತು ಬಾರದ ಮಗುವಿನಲ್ಲಿ ಜೊಲ್ಲು ಸುರಿಸುವುದು, ಗಂಟಲು ಹಿಡಿದುಕೊಳ್ಳುವುದು, ಒಮ್ಮೆಲೆ ಮೆತ್ತಗಾಗುವುದು ಗುರುತು. ಆಗ ಬೇಕಾದದ್ದು ಅಡ್ರಿನಲಿನ್ ಸೂಜಿ, ತೊಡೆಯ ಹೊರಬದಿಯ ಸ್ನಾಯುವಿಗೆ, ಕೆಜಿಗೆ 0.01 ಮಿಗ್ರಾಂ, ವಯಸ್ಕರಿಗೆ ಹೆಚ್ಚೆಂದರೆ 0.5. ಆಂಟಿಹಿಸ್ಟಮಿನ್ ಗುಳಿಗೆ ಇದಕ್ಕೆ ಬದಲಿಯಲ್ಲ. ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಟ್ಟುತ್ತಿದ್ದರೆ ಕೂಡಿಸಿ, ಎದ್ದು ನಡೆಸಬೇಡಿ. ಆಂಬ್ಯುಲೆನ್ಸಿನವರಿಗೆ ಮೊದಲ ವಾಕ್ಯದಲ್ಲೇ ಆಟಿಸಂ ಇದೆ, ಮುಟ್ಟುವ ಮೊದಲು ತೋರಿಸಿ ಎಂದು ಹೇಳಿ.

ಥಂಡಿಯ ಗಂಧೆ ಇರುವವರು ಹೊಳೆಗೆ ಇಳಿದು ಮುಳುಗು ಹಾಕುವುದು ಜೀವಕ್ಕೇ ಅಪಾಯ, ಕೂಡಲಸಂಗಮವಿರಲಿ, ಮನೆ ಹತ್ತಿರದ ಕಾಲುವೆಯಿರಲಿ. ಇಡೀ ಮೈಯ ಹಿಸ್ಟಮಿನ್ ಒಮ್ಮೆಲೆ ಬಿಡುಗಡೆಯಾಗಿ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ತಂಬಿಗೆಯ ನೀರು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಬೆಳಗಾವಿಯ ಮಳೆಗಾಲದಲ್ಲಿ ಬೈಕಿನ ಮೇಲೆ ಹೋಗುವಾಗ ಒದ್ದೆ ಬಟ್ಟೆಗೆ ಗಾಳಿ ಬಡಿದರೂ ಏಳುತ್ತದೆ. ರೇನ್‌ಕೋಟಿನ ಒಳಗೆ ಪೂರ್ಣತೋಳಿನ ಹತ್ತಿ ಅಂಗಿ ಇರಲಿ.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಹೋಳಿಗೆ ನಮ್ಮೂರಾಗ ಬಂಡಿ ತುಂಬ ಪೀಪಾಯಿ ಇಟ್ಟು ಬಣ್ಣ ಎರಚತಾರ, ಹಲಗಿ ಬ್ಯಾರೆ. ಯಲ್ಲಮ್ಮನ ಗುಡ್ಡದಾಗ, ಚಿಂಚಲಿ ಜಾತ್ರಿಯಾಗ ಭಂಡಾರ (ಅರಿಷಿಣ ಪುಡಿ) ಹಾರಸತಾರ. ಕರಕೊಂಡು ಹೋಗೂದು ಬ್ಯಾಡೇನು?

ಮಾತಿಗಿಂತ ಚಿತ್ರ (ವಿಜಯಪುರ)

ಅವರು ಬರ್ತೀನಿ ಅಂದ್ರ ಕರಕೊಂಡು ಹೋಗ್ರಿ, ಒಲ್ಲೆ ಅಂದ್ರ ಬಿಡ್ರಿ. ಅದನ್ನ ಮೊದಲು ಕೇಳ್ರಿ. ಬಂದ್ರ ಪೂರ್ಣತೋಳಿನ ಹಳೇ ಹತ್ತಿ ಅಂಗಿ, ಮುಖ-ಕೊರಳಿಗೆ ಮೊದಲೇ ಒಗ್ಗಿದ ಮುಲಾಮು, ಹೆಡ್‌ಫೋನು, ಜನ ಹೆಚ್ಚಾಗೂ ಮೊದಲು ಹೋಗಿ ಬಿಸಿಲೇರೂ ಮೊದಲು ಮರಳೂದು. ಬಣ್ಣ ತಾಗಿದ್ರ ತಿಕ್ಕಿ ತೊಳೀಬ್ಯಾಡ್ರಿ, ಎಣ್ಣಿ ಹಚ್ಚಿ ಹತ್ತು ನಿಮಿಷ ಬಿಟ್ಟು ಮೆತ್ತನ ಅರಿವಿಯಿಂದ ಒತ್ತಿ ತಗೀರಿ, ಸೀಮೆಎಣ್ಣಿ ಮುಟ್ಟಸಬ್ಯಾಡ್ರಿ. ಉಳಿದ ಕಲಿ ತಾನಾಗೇ ಹೋಗ್ತದ. ಭಂಡಾರ ತಾವೇ ಹಣಿಗೆ ಹಚ್ಚಿಕೊಳ್ಳಲಿ, ಮ್ಯಾಲಿಂದ ಒಮ್ಮೆಲೆ ಬಿದ್ರ ಚರ್ಮಕ್ಕಿಂತ ಮೊದಲು ಗಾಬರಿ ಆಗ್ತದ.

ಬಿಎಲ್ ರಸ್ತೆ (ಬೆಳಗಾವಿ)

ದವಾಖಾನೆಗೆ ಹೋಗುವ ಹೊತ್ತಿಗೆ ಗಂಧೆ ಇಳಿದಿರುತ್ತದೆ, "ಏನೂ ಇಲ್ಲ" ಎಂದು ಕಳಿಸುತ್ತಾರೆ. ಏನು ಒಯ್ಯಬೇಕು?

ಚರ್ಮದ ಓದು (ಬೆಳಗಾವಿ)

ಉಬ್ಬಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ, ಹೊತ್ತು ಸಮೇತ. ಒಂದು ಉಬ್ಬಿನ ಸುತ್ತ ಪೆನ್ನಿನಿಂದ ಗೆರೆ ಎಳೆದು 24 ಗಂಟೆಯ ಮೇಲೆ ನೋಡಿ. ಅಲ್ಲೇ ಉಳಿದು, ತುರಿಕೆಗಿಂತ ಉರಿ ಹೆಚ್ಚಿದ್ದು, ಹೋಗುವಾಗ ಕಂದು ಕಲೆ ಬಿಟ್ಟರೆ ರಕ್ತನಾಳದ ಉರಿಯೂತದ ಗಂಧೆ ಇರಬಹುದು, ಅದಕ್ಕೆ ಚರ್ಮದ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಪೆನ್ನು ತಾಗಿದಲ್ಲೇ ಗೆರೆ ಉಬ್ಬಿದರೆ ಅದೇ ಗೀರುಗಂಧೆಯ ಗುರುತು. ಅಂಥವರಿಗೆ ಫೋಟೋ ಸಾಕು.

ಜೊತೆಗೆ ಏಳು ದಿನದ ಅಂಕಪಟ್ಟಿ. ದಿನಕ್ಕೆ ಎರಡು ಅಂಕ. ಉಬ್ಬು ಇಲ್ಲದಿದ್ದರೆ 0, 20ರೊಳಗೆ 1, 20ರಿಂದ 50ಕ್ಕೆ 2, ಅದಕ್ಕೂ ಹೆಚ್ಚಾದರೆ ಅಥವಾ ಒಂದಕ್ಕೊಂದು ಕೂಡಿ ಹರಡಿದರೆ 3. ತುರಿಕೆಗೂ 0ಯಿಂದ 3. ವಾರಕ್ಕೆ ಗರಿಷ್ಠ 42. ಆರರೊಳಗಿದ್ದರೆ ಹತೋಟಿಯಲ್ಲಿದೆ ಎಂದರ್ಥ. ತುರಿಕೆಯ ಅಂಕವನ್ನು ತಾನೇ ಹೇಳಲಾರದವರ ಪರವಾಗಿ ಬರೆಯುವಾಗ "ಮನೆಯವರ ಅಂದಾಜು" ಎಂದು ನಮೂದಿಸಿ, ರಾತ್ರಿ ಎಷ್ಟು ಸಲ ಎದ್ದರು ಎಂಬುದನ್ನೂ ಸೇರಿಸಿ.

ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಹೇಳಿದರೆ ಸುಮಾರು ಒಂದು ವಾರ ಮೊದಲು ಆಂಟಿಹಿಸ್ಟಮಿನ್ ನಿಲ್ಲಿಸಬೇಕಾಗುತ್ತದೆ, ಆ ವಾರ ಶಾಲೆಯ ಪರೀಕ್ಷೆಯೋ ಮನೆಯ ಲಗ್ನವೋ ಇಲ್ಲದಂತೆ ದಿನ ಕೇಳಿ. ಪ್ಯಾಚ್ ಪರೀಕ್ಷೆ ಗಂಧೆಗಲ್ಲ, ತಾಗಿದ್ದರಿಂದ ಬರುವ ಇಸುಬಿಗೆ; ಬೆನ್ನಿಗೆ 48 ಗಂಟೆ ಪಟ್ಟಿ ಅಂಟಿಸಿರುತ್ತಾರೆ, ಸ್ನಾನವಿಲ್ಲ. ತಡೆದುಕೊಳ್ಳಬಲ್ಲರೇ ಎಂದು ಯೋಚಿಸಿ ಒಪ್ಪಿಕೊಳ್ಳಿ. ರಕ್ತ ತೆಗೆಯುವ ಒಂದು ಗಂಟೆ ಮೊದಲು ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮು ಹಚ್ಚಿ ಮುಚ್ಚಿದರೆ ಸೂಜಿ ಅಷ್ಟು ನೋಯುವುದಿಲ್ಲ; ಮುಚ್ಚಲು ಅಂಟುಪಟ್ಟಿಯ ಬದಲು ಅಡುಗೆಮನೆಯ ತೆಳು ಪ್ಲಾಸ್ಟಿಕ್ ಸುತ್ತಿ. ಮೊದಲ ಸಲ ಹಚ್ಚುವಾಗ ವೈದ್ಯರನ್ನು ಕೇಳಿ.

ಮೂರೂ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗವಿದೆ: ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ. ಹೊರರೋಗಿ ಸಾಲಿನಲ್ಲಿ ಯುಡಿಐಡಿ ಕಾರ್ಡು ತೋರಿಸಿ, ಹೊರಗೆ ನೆರಳಲ್ಲಿ ಕಾಯುತ್ತೇವೆ, ಸರದಿ ಬಂದಾಗ ಫೋನು ಮಾಡಿ ಎಂದು ಕೇಳಿ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಚೀಟಿ, ಬಿಲ್ಲು ಎಲ್ಲ ಮೂಲಪ್ರತಿ ಎತ್ತಿಡಿ.

ಆಲಮಟ್ಟಿ ಹಿನ್ನೀರು (ಬಾಗಲಕೋಟೆ)

ಅಂಕದ ಪಟ್ಟಿಯನ್ನ ಒಂದು ಹಾಳಿ ಮ್ಯಾಲೆ ಕನ್ನಡದಾಗ ಬರದು ಇಲ್ಲೇ ಹಾಕತೀನಿ. ಮೈಚಿತ್ರ ಯಾರರ ಬರದು ಕೊಡ್ರಿ, ಮುಂದಿಂದೊಂದು, ಹಿಂದಿಂದೊಂದು, ಗೆರಿ ದಪ್ಪ ಇರಲಿ, ಒಳಗ ಬಣ್ಣ ಬ್ಯಾಡ.